ಆಲ್ಬಮ್ಮಿನ್ಯಾಗ ಇಲ್ಲದ ನನ್ನ ಶಹನಾಯಿ

ಸಿನಿಮಾಕ್ಕ ಶಹನಾಯಿ ಊದಾಂವನ ಹಣೇಬರಾನ ಹಿಂಗೋ ಏನೋ, ಒಂದು ಫಜೀತಿ ಮುಗೀತು ಅನ್ನೂದ್ರಾಗ ಇನ್ನೊಂದು ಬಂದು ಬಾಗಲಾ ಬಡೀತೈತಿ. ನಾನು ಹೈದರಾಬಾದಿನ ಕಾಚಿಗೂಡದಾಗ ಇರಾಂವ. ಲಗ್ನದ ಸೀಜನ್ನಿನ್ಯಾಗ ಮಂಟಪದಾಗ ಊದತೀನಿ, ಉಳಿದಾಗ ಸ್ಟುಡಿಯೋದವರು ಕರದ್ರ ಹೋಗತೀನಿ. ನನ್ನ ಹೆಂಡತಿಯ ತಂಗಿ ಗಂಡ, ಅಂದ್ರ ನನ್ನ ಷಡ್ಡಕ, ಅವನೂ ಸ್ಟುಡಿಯೋಕ್ಕ ಹೋಗತಾನ. ಕೋರಸ್ಸಿನ್ಯಾಗ ಹಿಂದ ನಿಂತು ಕೂಗೂದು ಅವನ ಕೆಲಸ. ಮೊದಲ ಹೇಳಿಬಿಡತೀನಿ, ನನಗ ಅವನ ಮ್ಯಾಲೆ ಹೊಟ್ಟಿಕಿಚ್ಚು ಐತಿ. ಸಣ್ಣದಲ್ಲ, ಭಾಳ ದೊಡ್ಡದು. ಯಾಕ ಅಂತ ನೀವ ಕೇಳ್ರಿ.

ಯಾರರೆ ಸತ್ರ ನನಗ ಫೋನು

ನನ್ನ ಕರಿಬೇಕಂದ್ರ ಸಿನಿಮಾದಾಗ ಒಂದು ಲಗ್ನ ಇರಬೇಕು, ಇಲ್ಲಾ ಒಂದು ಹೆಣ ಬೀಳಬೇಕು. ಈಗ ಸಿನಿಮಾದ ಲಗ್ನಕ್ಕೂ ಡಿಜೆ ಬಂದೈತಿ. ಹಿಂಗಾಗಿ ನನ್ನ ಪಾಲಿಗೆ ಹೆಣ ಅಷ್ಟ ಉಳಿದೈತಿ.

ಒಂದಿನ ಸ್ಟುಡಿಯೋದಿಂದ ಫೋನು. "ಅಣ್ಣಾ, ಹೀರೋಯಿನ್ ತಂದಿ ತೀರಿಕೊಂಡಾನ, ಲಗೂ ಬಾ." ನನ್ನ ಹೆಂಡತಿ ಅಡಗಿ ಮನಿಯಿಂದ "ಅಯ್ಯ ಶಿವನ, ಯಾರ್ರೀ ಹೋದವರು?" ಅಂತ ಎದಿ ಹಿಡಕೊಂಡು ಓಡಿ ಬಂದ್ಲು. "ಯಾರೂ ಅಲ್ಲ, ನಮಗ ಅನ್ನ ಹಾಕೂ ಪುಣ್ಯಾತ್ಮ" ಅಂದು ಪೆಟ್ಟಿಗಿ ಎತ್ತಿಕೊಂಡು ಹೊಂಟೆ.

ಆವತ್ತು ಊದಿದೆ ನೋಡ್ರಿ, ನನ್ನ ಕಣ್ಣಾಗ ನೀರು ಬಂತು. ಸಂಗೀತ ನಿರ್ದೇಶಕರು ಎದ್ದು ಬಂದು ನನ್ನ ಕೈ ಹಿಡಿದ್ರು. ಅವರ ಕಣ್ಣೂ ಒದ್ದಿ. "ಇಡೀ ಸಿನಿಮಾದ ಜೀವ ಇದ" ಅಂದ್ರು. ನಾನು ಪುರೀ ಉಬ್ಬಿದಂಗ ಉಬ್ಬಿದೆ. ಅವರು ಮೂಗು ಒರಸ್ಕೊಂಡು ಮುಂದ ಹೇಳಿದ್ರು, "ಆದ್ರ ಸ್ವಲ್ಪ ಲಗೂ ಅಳಸಿ ಮುಗಸ್ರಿ. ಮುಂದಿನ ಸೀನಿಗೆ ಹೀರೋ ಬೈಕ್ ಮ್ಯಾಲೆ ಬಾಗಲದಾಗ ಕಾಯಾಕತ್ತಾನ."

ದಿಲ್‌ಸುಖ್‌ನಗರದ ಥೇಟರಿನ್ಯಾಗ

ಅದ ಸಿನಿಮಾದ ಲಗ್ನದ ಹಾಡಿನ್ಯಾಗ ನನ್ನ ಷಡ್ಡಕ ನಾಕು ಮಂದಿ ಜೋಡಿ ನಿಂತು "ಹೊಯ್ ಹೊಯ್" ಅಂದಿದ್ದ. ಬ್ಯಾರೆ ಏನೂ ಇಲ್ಲ. ಹೊಯ್, ಮತ್ತ ಹೊಯ್.

ನಮ್ಮ ಮಾವನವರ ಬಗ್ಗೆ ಹೇಳಬೇಕು. ಸನತ್‌ನಗರದ ಒಂದು ಕಾರ್ಖಾನಿಯಾಗ ದುಡದು ರಿಟೈರ್ ಆದವರು, ಭಾಳ ಖಡಕ್ ಮನಷಾ. ಹೆಣ್ಣು ನೋಡಾಕ ಹೋದಾಗ ನನ್ನ ಶಹನಾಯಿ ಪೂರಾ ಕೇಳಿ, "ಛಲೋ ಊದತೀರಿ. ನೌಕರಿ ಏನು ಮಾಡತೀರಿ?" ಅಂದವರು. ಆವತ್ತಿನಿಂದ ನನಗ ಒಂದ ಹಂಬಲ. ಆ ಮನಷಾ ನಾಕು ಮಂದಿ ಮುಂದ ಒಮ್ಮೆರೆ "ನನ್ನ ದೊಡ್ಡ ಅಳಿಯ ಕಲಾವಿದ" ಅನ್ನಬೇಕು.

ಅದಕ್ಕ ಇಡೀ ಮನಿ ಮಂದಿನ ಥೇಟರಿಗೆ ಕರಕೊಂಡು ಹೋದೆ. ಲಗ್ನದ ಹಾಡು ಬಂತು. "ಹೊಯ್ ಹೊಯ್" ಅಂದಕೂಡ್ಲೆ ನಮ್ಮ ಸಾಲಿನವರೆಲ್ಲಾ ಸೀಟಿ ಹೊಡದ್ರು. ಮಾವನವರು ಷಡ್ಡಕನ ಬೆನ್ನು ಚಪ್ಪರಿಸಿದ್ರು. ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ತಡೀರಿ ಮಕ್ಕಳ್ರಾ, ಹೀರೋಯಿನ್ ತಂದಿ ಸಾಯಲಿ, ಆಮ್ಯಾಲೆ ಐತಿ ಅಂತ ಹಲ್ಲು ಕಚ್ಚಿ ಕುಂತೆ.

ಸತ್ತ. ನನ್ನ ಶಹನಾಯಿ ಶುರು ಆತು. ಥೇಟರಿಗೆ ಥೇಟರ ಅಳಾಕ ಹತ್ತಿತು. ಅತ್ತಿಯವರ ಸೆರಗು ತೊಯ್ದು ಹೋತು. ಮಾವನವರೂ ಕರ್ಚೀಫ್ ತಗದ್ರು. ನನಗ ತಡಕೊಳ್ಳಾಕ ಆಗಲಿಲ್ಲ. "ಮಾವನವರ, ಇದು ನಂದ ರೀ! ನಾನ ಊದಿದ್ದು!" ಅಂದೆ ನಕ್ಕೋತ.

ಅವರು ನನ್ನ ಕಡಿ ಕೆಂಗಣ್ಣು ಬಿಟ್ಟು ಅಂದ್ರು, "ಸುಮ್ಮ ಕುಂದರ್ರಿ ಅಳಿಯಂದ್ರ. ಸತ್ತ ಮನ್ಯಾಗ ಹಿಂಗ ನಕ್ಕೋತ ಮಾತಾಡತಾರೇನು?"

ದೊಡ್ಡ ಗಾಯಕ ಹೋದ, ಸಣ್ಣ ಅಳಿಯ ಉಳಿದ

ಆಮ್ಯಾಲೆ ಸಿನಿಮಾದ ಪೂರಾ ಆಲ್ಬಮ್ ಫೋನಿಗೆ ಬಂತು. ಮಾವನವರು ಒಂದು ಐತವಾರ ನಮ್ಮನ್ನೆಲ್ಲಾ ಮುಂದ ಕುಂದರಿಸಿಕೊಂಡು, "ಅಳಿಯಂದ್ರ, ನೀವು ಊದಿದ್ದು ಯಾವುದು, ಹಾಕ್ರಿ" ಅಂದ್ರು. ಬಂಗಾರದಂಥಾ ಅವಕಾಶ. ನಾನು ಮ್ಯಾಲಿಂದ ಕೆಳಗ ಹುಡಿಕಿದೆ, ಕೆಳಗಿಂದ ಮ್ಯಾಲೆ ಹುಡಿಕಿದೆ. ಲಗ್ನದ ಹಾಡು ಐತಿ. ಅದ ಹಾಡು ಹೆಣ್ಣು ದನಿಯಾಗ ಐತಿ, ಡಿಜೆಯಾಗ ಐತಿ, ಕರೋಕೆಯಾಗೂ ಐತಿ. ಹೀರೋನ ಡೈಲಾಗ್ ಐತಿ. ವಿಲನ್ ನಗೂದಕ್ಕೂ ಜಾಗಾ ಐತಿ. ನನ್ನ ಶಹನಾಯಿ ಇಲ್ಲ!

ಸ್ಟುಡಿಯೋಕ್ಕ ಫೋನ್ ಹಚ್ಚಿದೆ. "ಅಣ್ಣಾ, ಆಲ್ಬಮ್ಮಿಗೆ ಹಾಡಷ್ಟ ಹಾಕತಾರ. ಹೆಣದ ಮ್ಯೂಸಿಕ್ ಮನ್ಯಾಗ ಯಾರು ಹಚ್ಚಿ ಕೇಳತಾರ?" ಅಂದ್ರು. ಹೌದ್ರಿ, ವಿಲನ್ ನಗೂದು ಹಚ್ಚಿಕೊಂಡು ಮಂದಿ ಊಟ ಮಾಡತಾರ.

ಷಡ್ಡಕ ಮೆತ್ತಗ, "ಅಣ್ಣಾರ, ಕರೋಕೆ ಹಾಕ್ರಿ" ಅಂದ. ಕರೋಕೆ ಅಂದ್ರ ನಾವ ಹಾಡಿಕೊಳ್ಳಲಿ ಅಂತ ಗಾಯಕರ ದನಿ ತಗದು ಬರೇ ವಾದ್ಯ ಬಿಟ್ಟಿರತಾರ. ಇವನ ಪೀಡಾನೂ ಹೋಗಿರತೈತಿ ಅಂತ ಖುಷಿಲೆ ಹಾಕಿದೆ. ಗಾಯಕ ಇಲ್ಲ. ಗಾಯಕಿ ಇಲ್ಲ. ಇವನ "ಹೊಯ್ ಹೊಯ್" ಮಾತ್ರ ಮೊದಲಿಗಿಂತಾ ಸಾಫ್ ಕೇಳಾಕತ್ತೈತಿ!

ಮಾವನವರು ಮೀಸಿ ತಿರುವಿ ಅಂದ್ರು, "ನೋಡ್ರಿ, ಅಂಥಾ ದೊಡ್ಡ ಗಾಯಕನ್ನ ತಗದ ಒಗದ್ರು, ನಮ್ಮ ಸಣ್ಣ ಅಳಿಯನ್ನ ತಗಿಯಾಕ ಯಾರಿಗೂ ಧೈರ್ಯ ಆಗಿಲ್ಲ."

ನನಗ ಊಟ ಸೇರಲಿಲ್ಲ. ಹೊಟ್ಟಿ ಉರಿ ಅಂದೆ. ಹೆಂಡತಿ ಪಾಪ ಮಜ್ಜಿಗಿ ಮಾಡಿ ಕೊಟ್ಲು. ಕೊಡಗಟ್ಲೆ ಕುಡದ್ರೂ ಆರೂ ಉರಿ ಅಲ್ಲ ಅದು.

ಕಿಸೆದಾಗ ಫೋನು, ಹೆಗಲ ಮ್ಯಾಲೆ ಅಳು

ಆಲ್ಬಮ್ಮಿನವರು ಹಾಕದಿದ್ರ ನಾನ ಹಿಡಕೊಂಡು ಬರತೀನಿ ಅಂತ ಹಟ ಬಂತು. ಒಬ್ಬನ ಮಧ್ಯಾಹ್ನದ ಆಟಕ್ಕ ಹೋದೆ. ಅಂಗಿ ಕಿಸೆದಾಗ ಫೋನ್ ಇಟ್ಟು, ಸಾಯೂ ಸೀನು ಬಂದಕೂಡ್ಲೆ ರೆಕಾರ್ಡಿಂಗ್ ಒತ್ತಿದೆ. ನನ್ನ ಮಗ್ಗಲಕ್ಕ ಒಬ್ಬ ಹೆಣ್ಮಗಳು. ಆಕಿ ಶಹನಾಯಿಗಿಂತಾ ಮೊದಲ ಶುರು ಮಾಡಿದ್ಲು. "ಅಮ್ಮಾ, ಸ್ವಲ್ಪ ಸಣ್ಣಗ ಅಳ್ರಿ" ಅಂತ ತೆಲುಗಿನ್ಯಾಗ ಕೈ ಮುಗದೆ. ಆಕಿ, "ನಿನಗೂ ತಂದಿ ಇಲ್ಲೇನಪ್ಪಾ?" ಅಂದಾಕಿನ ನನ್ನ ಹೆಗಲ ಮ್ಯಾಲೆ ತಲಿ ಇಟ್ಟು ಬೋರಾಡಿ ಅತ್ತು ಬಿಟ್ಲು. ಆ ಹೆಗಲ ಕೆಳಗನ ಕಿಸೆ, ಕಿಸೆದಾಗನ ಫೋನು.

ಆದ್ರೂ ಬಿಡದ ಒಯ್ದು ಮಾವನವರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದ್ರು. ಮತ್ತೊಮ್ಮೆ ಹಾಕ್ರಿ ಅಂದ್ರು.

"ಆ ಹೆಣ್ಮಗಳು ಭಾಳ ಮನಸಿಟ್ಟು ಅತ್ತಾಳ. ನಡುವ ಯಾವನೋ ಪೀಪಿ ಊದಿ ಕೆಡಿಸ್ಯಾನ" ಅಂದ್ರು.

ಅರವತ್ತರ ಶಾಲು

ಮಾವನವರಿಗೆ ಅರವತ್ತು ತುಂಬಿತು. ಸನತ್‌ನಗರದ ಮನಿ ಮುಂದ ಪೆಂಡಾಲು, ಊರ ಕಡಿ ಮಂದಿ, ಪೂಜಿ, ಊಟ. ಅವತ್ತು ಮಾವನವರು ಸಿನಿಮಾದಾಗ ಹೆಸರು ಮಾಡಿದ ಅಳಿಯಗ ತಾವ ಶಾಲು ಹೊದಸತಾರ ಅಂತ ಸುದ್ದಿ ಹಬ್ಬಿತ್ತು. ಯಾವ ಅಳಿಯಗ ಅಂತ ಕೇಳೂದ ಬ್ಯಾಡ. ಷಡ್ಡಕ ಮುಂಜಾನಿಂದ ಹೊಸಾ ಜುಬ್ಬಾ ಹಾಕ್ಕೊಂಡು ಅಡ್ಡಾಡಾಕತ್ತಿದ್ದ.

ಹೆಂಡತಿ ಮೂಲಿಗೆ ಕರದು, "ಆಲ್ಬಮ್ಮಿಗೇನು ಕಾಯ್ತೀರಿ? ಬಾಯಿ ನಿಮ್ಮದು, ಶಹನಾಯಿ ನಿಮ್ಮದು. ಇಲ್ಲೇ ಊದಿಬಿಡ್ರಿ" ಅಂದ್ಲು. ಇಷ್ಟು ದಿವಸ ಇದು ನನ್ನ ತಲಿಗೆ ಯಾಕ ಹೊಳೀಲಿಲ್ಲೋ!

ಮಾವನವರನ್ನ ಎತ್ತರದ ಕುರ್ಚಿ ಮ್ಯಾಲೆ ಕುಂದರಿಸಿದ್ರು. ಹಣಿ ತುಂಬ ವಿಭೂತಿ, ಕೊಳ್ಳಾಗ ಗುಲಾಬಿ ಮಾಲಿ, ಮೈ ಮ್ಯಾಲೆ ರೇಷ್ಮಿ ಶಾಲು. ನಾನು ಮುಂದ ಕುಂತು ಅದ ಸಾವಿನ ಸೀನಿನ ರಾಗ ತಗದೆ. ಒಂದು ಉಸಿರು ಮುಗಿಯೂದ್ರಾಗ ಅತ್ತಿಯವರಿಗೆ ಸಿನಿಮಾ ನೆನಪಾಗಿ ಸೆರಗು ಬಾಯಿಗೆ ಹೋತು. ಅವರನ್ನ ನೋಡಿ ಹೆಣ್ಮಕ್ಕಳೆಲ್ಲಾ ಶುರು ಮಾಡಿದ್ರು. ಕಡೀಕ ಷಡ್ಡಕನೂ ಬಿಕ್ಕಿ ಬಿಕ್ಕಿ ಅತ್ತ. ನನಗ ಸ್ವರ್ಗ ಮೂರ ಗೇಣು! ಮಾವನವರು ಕಣ್ಣು ಮುಚ್ಚಿ, ಕುತ್ತಿಗಿ ಒಂದು ಕಡಿ ವಾಲಿಸಿ, ಅಲ್ಲಾಡದಂಗ ರಾಗದಾಗ ಮುಳಿಗಿ ಕುಂತಿದ್ರು.

ಅಷ್ಟರಾಗ ಮಾವನವರ ಹಳೇ ದೋಸ್ತರೊಬ್ಬರು, ಒಂದ ಕಾರ್ಖಾನಿಯಾಗ ದುಡದವರು, ಊರಿಗೆ ಹೋಗಿದ್ದವರು ರೈಲು ಇಳದು ಸೀದಾ ಬಂದ್ರು. ಅವರಿಗೆ ಕಾರ್ಯಕ್ರಮದ ಸುದ್ದಿ ಗೊತ್ತಿರಲಿಲ್ಲ. ನಮ್ಮ ಮಂದ್ಯಾಗ ಸತ್ತವರನ್ನ ಮಲಗಸೂದಿಲ್ಲ. ವಿಭೂತಿ ಹಚ್ಚಿ, ಮಾಲಿ ಹಾಕಿ, ಕುಂದರಿಸತೀವಿ. ಆ ಮನಷಾ ಬಾಗಲದಾಗ ನಿಂತು ನೋಡಿದ್ರು. ಪೆಂಡಾಲು, ಮಾಲಿ, ವಿಭೂತಿ, ವಾಲಿದ ಕುತ್ತಿಗಿ, ಅಳೂ ಮಂದಿ, ಶಹನಾಯಿ. ಚೀಲಾ ಅಲ್ಲೇ ಒಗದು ಓಡಿ ಬಂದು ಮಾವನವರ ಕಾಲು ತಬ್ಬಿಕೊಂಡು ಕುಂತರು.

"ಯಪ್ಪೋ, ನನಗ ಒಂದು ಮಾತು ಹೇಳದ ಹ್ಯಾಂಗ ಹೋದ್ಯೋ ದೋಸ್ತಾ! ನಿನ್ನ ಹೊಸಾ ಛತ್ರಿ ಕಳೀಲಿಲ್ಲೋ, ನಾನ ಒಯ್ದಿದ್ದೆನೋ! ತಪ್ಪಾತೋ, ಸ್ವರ್ಗದಾಗ ಮನಸಿನ್ಯಾಗ ಇಟ್ಕೋಬ್ಯಾಡೋ!"

ಹೆಣ ಒಂದು ಕಣ್ಣು ತಗೀತು. "ನೀನ ಏನಲೇ ಒಯ್ದಾಂವ?"

ದೋಸ್ತರು ಚಿಟ್ಟನ ಚೀರಿ ಹಿಂದಕ್ಕ ಬಿದ್ರು. ಅಳಾಕತ್ತಿದ್ದ ಮಂದಿ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು. ಮಾವನವರು ಎದ್ದು, ದೋಸ್ತಗ ನೀರು ಕುಡಿಸಿ, ತಮ್ಮ ಮೈ ಮ್ಯಾಲಿನ ರೇಷ್ಮಿ ಶಾಲು ತಗದು ನನ್ನ ಹೆಗಲಿಗೆ ಹಾಕಿದ್ರು. "ಕೇಳ್ರಪ್ಪಾ ಎಲ್ಲಾರೂ, ನನ್ನ ದೊಡ್ಡ ಅಳಿಯ ಕಲಾವಿದ" ಅಂದ್ರು. ನಾನು ಮೊದಲು ಷಡ್ಡಕನ ಮಾರಿ ನೋಡಿದೆ. ಸಣ್ಣದಾಗಿತ್ತು. ಅಬ್ಬಾ, ಏನು ತಂಪು ಅಂತೀರಿ!

ಮಾವನವರು ನನ್ನ ಕಿವಿ ಹತ್ರ ಬಗ್ಗಿ ಅಂದ್ರು, "ಆದ್ರ ಅಳಿಯಂದ್ರ, ಆ ಆಲ್ಬಮ್ ಮಾಡಿದವರು ಭಾಳ ಶಾಣ್ಯಾ ಮಂದಿ ಬಿಡ್ರಿ. ಇದನ್ನ ಅದರಾಗ ಹಾಕಿದ್ದರ, ನಮ್ಮಂಥಾ ಮುದುಕರು ಕಣ್ಣು ಮುಚ್ಚಿ ಒಂದು ಹಾಡು ಕೇಳೂ ಹಂಗ ಇರತಿರಲಿಲ್ಲ. ಓಣಿ ಮಂದಿ ಮಾಲಿ ತಂದು ಹಾಕಿ, ಹೊತ್ತುಗೊಂಡ ಹೋಗಿಬಿಡತಿದ್ರು."