ಬೀದಿಗಿಳಿದ ಉಪಗ್ರಹ

"ದೇಶದ ಮೇಲೆಲ್ಲ ಉಪಗ್ರಹ ಹಾರಾಡ್ತಿವೆ, ನಿನ್ನ ಬೀದಿ ಮೇಲೆ ಮಾತ್ರ ಬರೀ ಕಾಗೆ ಹಾರುತ್ತೇನೋ, ಸೊನ್ನೆರಾಯ?"

ಅಂಕಿ-ಅಂಶ ಕಚೇರಿಯ ಸಾಹೇಬರು ಹೀಗೆ ಅಂದದ್ದು ಒಳಗೆ ಕರೆದಲ್ಲ. ಟೈಪಿಸ್ಟು, ಜವಾನ, ನೀರು ಕುಡಿಯಲು ಬಂದಿದ್ದ ಪೋಸ್ಟ್‌ಮ್ಯಾನ್, ಎಲ್ಲರ ಮುಂದೆ. ಎಲ್ಲರೂ ನಕ್ಕರು. ವಿಷಯವೇ ಗೊತ್ತಿಲ್ಲದ ಪೋಸ್ಟ್‌ಮ್ಯಾನ್ ಎಲ್ಲರಿಗಿಂತ ಜೋರಾಗಿ ನಕ್ಕ.

ಬಾಹ್ಯಾಕಾಶ ಉದ್ಯಮದಿಂದ ದೇಶದ ಆದಾಯಕ್ಕೆ ಎಷ್ಟು ಕೊಡುಗೆ ಎಂದು ಅಳೆಯಲು ಹೊರಟಿತ್ತು ಕಚೇರಿ. ಮನೆಮನೆ ತಿರುಗಿ ಲೆಕ್ಕ ತರುವ ದಿನಗೂಲಿ ನಮ್ಮ ಸೊನ್ನೆರಾಯನದು. ತನ್ನ ಬೀದಿಯಲ್ಲಿ ರಾಕೆಟ್ ಮಾಡುವವರು ಯಾರೂ ಇಲ್ಲವಲ್ಲ ಎಂದು ಸೊನ್ನೆ ಬರೆದು ತಂದಿದ್ದ.

"ರಾಕೆಟ್ ಯಾಕೋ ಹುಡುಕ್ತೀಯ, ಪೆದ್ದೇ! ಉಪಗ್ರಹ ಒಂದು ದಿನ ನಿಂತ್ರೆ ನಿಮ್ಮ ದುಡಿಮೇಲಿ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಕೇಳು. ಸಂಜೆಯೊಳಗೆ ದೊಡ್ಡ ಅಂಕಿ ತಂದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಮನೇಲೇ ಇರು."

ಖಾಯಂ! ಆ ಒಂದು ಮಾತಿಗಾಗಿ ಅವನ ಹೆಂಡತಿ ತವರಿನಲ್ಲೇ ಉಳಿದಿದ್ದಳು. "ಕೆಲಸ ಖಾಯಂ ಆಗ್ಲಿ, ಮಗಳನ್ನ ಕಳಿಸ್ತೀನಿ" ಎಂದಿದ್ದರು ಮಾವ. ಸೊನ್ನೆರಾಯ ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡಿದ.

ಮೊದಲು ಸಿಕ್ಕವನು ಟ್ಯಾಕ್ಸಿ ಡ್ರೈವರ್. "ನಿಂತ್ರೆ ನಷ್ಟಾನಾ? ಲಾಭ ಕಣಯ್ಯ! ಮೊನ್ನೆ ಆ ಮ್ಯಾಪ್ ನಂಬ್ಕೊಂಡು ಮದುವೆಗೆ ಹೊರಟವರನ್ನ ಸ್ಮಶಾನದಲ್ಲಿ ಇಳಿಸಿದೆ. ಬಾಡಿಗೇನೂ ಕೊಡ್ಲಿಲ್ಲ."

"ಲಾಭ ಅಂತಾನೇ ಬರ್ಕೊಳ್ಳಾ?"

"ದಪ್ಪಕ್ಷರದಲ್ಲಿ ಬರಿ."

ದರ್ಜಿ ಇನ್ನೂ ಒಂದು ಕೈ ಮೇಲೆ. "ಟೀವಿ ನಿಂತ್ರೆ ನನ್ನವಳು ಗುಂಡಿ ಹಾಕಿಕೊಡ್ತಾಳೆ. ದಿನಕ್ಕೆ ನಾಲ್ಕು ಅಂಗಿ ಜಾಸ್ತಿ!"

ಒಳಗಿಂದ ಹೆಂಡತಿಯ ಧ್ವನಿ ಬಂತು: "ನಿಮ್ಮ ಮ್ಯಾಚೂ ನಿಲ್ಲುತ್ತಲ್ಲ, ಎಂಟು ಅಂಗಿ ಅಂತ ಬರೆಸ್ರೀ!"

ಲಾಂಡ್ರಿಯವಳು ಹವಾಮಾನದವರಿಗೆ ಹಿಡಿಶಾಪ ಹಾಕಿದಳು. ಮಳೆ ಎಂದ ದಿನ ಬಟ್ಟೆ ಒಗೆಯದೆ ಕೂತರೆ ಸುಡುಬಿಸಿಲು, ಬಿಸಿಲು ಎಂದ ದಿನ ಒಣಹಾಕಿದ್ದೆಲ್ಲ ತೊಪ್ಪೆ.

ಅಷ್ಟರಲ್ಲಿ ಪ್ರಶ್ನೆ ಅವನಿಗಿಂತ ಮುಂದೆ ಓಡಿ, ಬಾಯಿಂದ ಬಾಯಿಗೆ ಬಾಲ ಬೆಳೆಸಿಕೊಂಡಿತ್ತು: ನಾಳೆಯಿಂದ ಉಪಗ್ರಹ ಬಂದ್, ಬಂದ್ ಮಾಡುವವನು ಇವನೇ! ಬೀದಿಯ ಅತ್ತೆಯಂದಿರು ಅವನ ಒಂದು ಕೈ ಹಿಡಿದರು, ಸೊಸೆಯಂದಿರು ಇನ್ನೊಂದು.

"ನಮ್ಮ ಧಾರಾವಾಹಿ ಹುಡುಗಿಗೆ ಹೋದ ವರ್ಷದಿಂದ ಪ್ರಜ್ಞೆ ಬಂದಿಲ್ಲ ಕಣಪ್ಪ! ಅವಳು ಕಣ್ಣು ಬಿಟ್ಟ ಮೇಲೆ ನಿಲ್ಸು."

"ಅಣ್ಣಾ, ಈಗ್ಲೇ ನಿಲ್ಸಿ! ನಮ್ಮತ್ತೆಗೆ ಅಡುಗೆಮನೆ ದಾರಿ ನೆನಪಾಗ್ಲಿ."

ಹಗ್ಗಜಗ್ಗಾಟದ ಹಗ್ಗದಂತೆ ಅತ್ತಿತ್ತ ಎಳೆದಾಡಿಸಿಕೊಂಡು, ಅಂಗಿಯ ಒಂದು ತೋಳನ್ನು ಅತ್ತೆಯಂದಿರಿಗೆ ಬಿಟ್ಟುಕೊಟ್ಟು ಅವನು ಪಾರಾದ.

ಸಂಜೆ ಲೆಕ್ಕ ಕೂಡಿಸಿ ನೋಡಿದ. ಉಪಗ್ರಹ ನಿಂತರೆ ಬೀದಿಗೆ ಬೀದಿಯೇ ಉದ್ಧಾರ! ಕೊಡುಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ಲೆಕ್ಕದ ಹಾಳೆಯನ್ನು ಒಯ್ದು ಸಾಹೇಬರ ಕೋಣೆಯಲ್ಲಿ ಮೇಜಿನ ಮೇಲಿಟ್ಟ.

ಸಾಹೇಬರು ಕುರ್ಚಿಯಿಂದ ಜಿಗಿದೆದ್ದರು. "ಶಭಾಷ್! ಎಂಥಾ ಅಂಕಿನೋ ಇದು!"

"ಸಾರ್, ಮುಂದೆ ಒಂದು ಮೈನಸ್ ಇದೆ..."

"ವ್ಯತ್ಯಾಸ ಆಗುತ್ತೋ ಇಲ್ವೋ? ಆಗುತ್ತೆ. ಮೇಲಿನವರು ಕೇಳಿದ್ದು ಅಷ್ಟೇ." ರಬ್ಬರಿನಿಂದ ಗೆರೆಯನ್ನು ಉಜ್ಜಿ ಊದಿದರು. "ದೇಶಕ್ಕೇ ನಿನ್ನ ಬೀದಿ ಮೊದಲು!"

"ಹಾಗಾದ್ರೆ ನನ್ನ ಕೆಲಸ, ಸಾರ್..."

"ಇಷ್ಟು ಮುಂದುವರಿದ ಬೀದಿಗೆ ಕಾಲಲ್ಲಿ ತಿರುಗೋ ಮನುಷ್ಯ ಯಾಕಯ್ಯ? ಮೊದಲ ಸ್ಥಾನಕ್ಕೆ ಬಂದ ಬೀದೀಲಿ ಇನ್ಮೇಲೆ ಉಪಗ್ರಹಾನೇ ಎಣಿಸುತ್ತೆ ಅಂತ ಆದೇಶ ಆಗಿದೆ." ಸಾಹೇಬರು ಪೆನ್ನು ಎತ್ತಿಕೊಂಡರು. "ನಿನ್ನ ಕೂಲಿ ಉಳೀತಲ್ಲ, ಅದೂ ಬಾಹ್ಯಾಕಾಶದ ಕೊಡುಗೇನೇ. ಇರು, ಸೇರಿಸಿಬಿಡ್ತೀನಿ."

ಸೊನ್ನೆರಾಯ ಹೊರಗೆ ಬಂದ. 'ದೇಶಕ್ಕೇ ಮೊದಲು' ಎಂದಷ್ಟೇ ಬಾಗಿಲಾಚೆಗೆ ಕೇಳಿಸಿತ್ತು. ಟೈಪಿಸ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದ. ಜವಾನ ಓಡಿಬಂದು ಕೈ ಕುಲುಕಿದ.

"ಖಾಯಂ ಆಯ್ತು ಅನ್ನು! ಇನ್ನೇನಪ್ಪ, ನಾಳೇನೇ ಹೋಗಿ ಹೆಂಡತೀನ ಕರ್ಕೊಂಡ್ಬಾ!"

ಅವನು ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು ನಡೆದುಬಿಟ್ಟ.