ಗುರಿ ತಪ್ಪೋ ಬಂದೂಕ ಬೇಕಂದ ದಾಳಿಂಬದ ಕಾಕಾ

ಬಂದೂಕ ರಿಪೇರಿ ಅಂಗಡಿಗಿ ಬರೋರೆಲ್ಲಾ ಮೀಸಿ ತಿರುವೋ ಶೂರರು ಅಂತ ನೀವು ತಿಳಕೊಂಡಿದ್ರ ಅದು ನಿಮ್ಮ ಭ್ರಮಾ ನೋಡ್ರಿ. ಉದಗೀರದಾಗ ನಮ್ಮಪ್ಪನ ಕಾಲದಿಂದ ಈ ಅಂಗಡಿ ಅದ. ಗಿರಾಕಿ ಮುಂದ ನಗಬಾರ್ದಂತ ತುಟಿ ಕಚ್ಚಿ ಕೂಡೂದ್ರಾಗೇ ನನ್ನ ಅರ್ಧಾ ಆಯುಷ್ಯ ಹೋಗ್ಯಾದ. ಅದ್ರಾಗ ದಾಳಿಂಬದ ಕಾಕಾ ಬಂದ್ರಂದ್ರ ಮುಗೀತು.

ಕಾಕಾ ಅಂದ್ರ ನನಗ ಸಂಬಂಧಿಕರಲ್ಲ, ಉಮರ್ಗಾ ಕಡಿ ದಾಳಿಂಬ ಅನ್ನೋ ಊರಿನ ಹಳೇ ಗಿರಾಕಿ. ಕೊರಳಾಗ ಲಿಂಗಾ, ಹಣಿ ತುಂಬಾ ವಿಭೂತಿ. ಇರುವಿ ಸಾಲು ಕಂಡ್ರ ಸುತ್ತು ಹಾಕಿ ಹೋಗೋ ಮನಷ್ಯಾ. ಅಂಥವರ ಹೊಲಕ್ಕ ಚಿಗರಿ ಹಿಂಡು ಬಿದ್ದು, ಮೊಳಕಿ ಒಡದ ತೊಗರಿ ಮೇದು ಸಾಪ್ ಮಾಡಿತ್ತು. ಎರಡನೇ ಸಲಾ ಬಿತ್ತಿದ್ರು. ಇದೂ ಹೋದ್ರ ಆ ವರ್ಷ ಮನ್ಯಾಗ ಬ್ಯಾಳಿಗಿ ಗತಿ ಇಲ್ಲ. ಚಿಗರಿಗಿ ಒಂದು ಸಣ್ಣ ಛರ್ರಾ ಗುಂಡು ತಾಗಿದ್ರೂ ಕಾಯ್ದೇ ಪ್ರಕಾರ ಜೇಲು. ಅಜ್ಜನ ಕಾಲದ ಜೋಡನಳಿಗಿ ಬಂದೂಕಕ್ಕ ಲೈಸನ್ಸ್ ಇದ್ದದ್ದು ಶಬ್ದಾ ಮಾಡಿ ಓಡಸ್ಲಾಕ ಅಷ್ಟೇ. ಕಾಕಾಗ ಜೇಲಿಗಿಂತಾ ಪಾಪದ ಅಂಜಿಕಿ ಹೆಚ್ಚು.

೧. ನಳಿಗಿ

ಹಳೇ ನಳಿಗಿ ತುಕ್ಕು ಹಿಡದಿತ್ತು. ಹೊಸಾದು ಆರಸ್ಲಾಕ ಕಾಕಾ, ಕಾಕಿ ಇಬ್ಬರೂ ಬಂದ್ರು. ನಾ ಗಿಡ್ಡಂದೊಂದು, ಉದ್ದಂದೊಂದು ಮುಂದಿಟ್ಟೆ.

"ಕಾಕಾ, ಬದುವಿನ ಮ್ಯಾಲೆ ನಿಂತು ಹತ್ರದಿಂದ ಹೊಡೆಯೋರಿಗಿ ಗಿಡ್ಡಂದು ಚೊಲೋ ರೀ. ಕೈಯಾಗ ಹಗೂರ ತಿರುಗ್ತದ, ಶಬ್ದಾನೂ ಜೋರು."

ಕಾಕಾ ಗಿಡ್ಡಂದು ಎತ್ತಿಕೊಂಡ್ರು. ಕಾಕಿ ಸೀರಿ ಸೆರಗು ಅಳದಂಗ ಎರಡೂ ನಳಿಗಿ ಮೊಳಾ ಹಾಕಿ ಅಳದ್ರು. "ಎರಡರ ಬೆಲಿನೂ ಒಂದೇ ಅಂತಾನ. ಗಿಡ್ಡಂದು ಯಾಕ ಒಯ್ತೀರಿ? ನಾಕು ಮಂದ್ಯಾಗ ಉದ್ದಂದೇ ಕಾಣ್ತದ" ಅಂದ್ರು. ಮುಗೀತು, ಉದ್ದಂದೇ ಕಟ್ಟಿಸಿಕೊಂಡ್ರು.

ಅದನ್ನ ಧೋತ್ರದಾಗ ಸುತ್ತಿ, ನಿಲಂಗಾದಾಗ ಬಸ್ ಬದಲಿ ಮಾಡಿ, ಉಮರ್ಗಾದಿಂದ ಮಂದಿ ತುಂಬಿದ ಆಟೋದಾಗ ಹೊಂಟಾರ. ಬಾಜೂಕ ಕೂತ ಮುರುಮ ಊರಿನ ಮುದುಕಪ್ಪ ಧೋತ್ರಾ ಮುಟ್ಟಿ ನೋಡಿ, "ಏನು ಗಟ್ಟಿ ಕಬ್ಬ ಅದ ರೀ! ಒಂದು ತುಂಡು ಮುರದು ಕೊಡ್ರಿ, ಬಾಯಿ ಒಣಗ್ಯಾದ" ಅಂದ. ಕಾಕಾ ಗಂಟು ಎದಿಗಿ ಅವಚಿಕೊಂಡ್ರು. ಕಾಕಿ ಮಾತ್ರ ಹಿಂದ ಮುಂದ ನೋಡ್ಲಿಲ್ಲ:

"ಇದು ಬೀಜದ ಕಬ್ಬ ರೀ ಯಪ್ಪಾ. ತಿನ್ನೋದಲ್ಲ, ಹುಗಿಯೋದು."

೨. ಮಖ್ಖಿ

ನಳಿಗಿ ತುದಿಗಿ ಒಂದು ಹಿತ್ತಾಳಿ ಮಣಿ ಇರ್ತದ. ಅದರ ಮ್ಯಾಲಿಂದ ನೋಡಿ ಗುರಿ ಹಿಡಿಯೋದು. ನಮ್ಮ ಧಂದೇದಾಗ ಅದಕ್ಕ ಮಖ್ಖಿ ಅಂತೀವಿ. ಎಲ್ಲಾ ಗಿರಾಕಿ "ಮಖ್ಖಿ ನೆಟ್ಟಗ ಕೂಡಸ್ರಿ" ಅಂತಾರ. ಕಾಕಾ ವಾಪಸ್ ಬಂದು ಅಂದ್ರು, "ತಮ್ಮಾ, ಮಖ್ಖಿ ಸೊಟ್ಟ ಕೂಡ್ಸು. ಏನ್ ಮಾಡಿದ್ರೂ ಗುರಿ ತಪ್ಪಬೇಕು."

"ಮ್ಯಾಲ ಆಕಾಶಕ್ಕ ಹೊಡೀರಿ ಕಾಕಾ. ಮಖ್ಖಿ ಗೊಡವಿನೇ ಬ್ಯಾಡ."

"ಹೊಡದು ನೋಡೀನಿ. ಚಿಗರಿ ತಲಿ ಎತ್ತಿ ದೀಪಾವಳಿ ಪಟಾಕಿ ನೋಡ್ದಂಗ ನೋಡ್ತಾವ. ಅವುಗಳ ಕಡೀಗೇ ಹಿಡೀಬೇಕು, ಅವಕ್ಕ ಜೀವಭಯ ಹತ್ತಬೇಕು. ಆದ್ರ ತಾಗಬಾರ್ದು."

ಇಂಥಾ ಆರ್ಡರ್ ನಮ್ಮಪ್ಪನ ಜಲ್ಮದಾಗೂ ಬಂದಿರ್ಲಿಲ್ಲ. ಚ್ಯಾಷ್ಟಿ ಮಾಡೋಣಂತ ನನ್ನ ಹತ್ರ ಇದ್ದ, ಬಂದೂಕಿನ ಮ್ಯಾಲ ಕೂಡಸೋ ಹೊಸಾ ದುರ್ಬೀನ್ ಕೈಗಿ ಕೊಟ್ಟೆ. ಅದ್ರಾಗ ನೋಡಿದ್ರ ಗುರಿ ಮ್ಯಾಲೆ ಒಂದು ಕೆಂಪು ಚುಕ್ಕಿ ಕಾಣ್ತದ. ಕಾಕಾ ಒಂದು ಕಣ್ಣು ಮುಚ್ಚಿ, ರಸ್ತೇದಾಗ ನಿಂತ ಆಡಿನ ಕಡಿ ಹಿಡದು ನೋಡಿದ್ರು. ಗಾಬರ್ಯಾಗಿ ಕೆಳಗಿಟ್ರು.

"ಶಿವ ಶಿವಾ! ಅದರ ಹಣಿಗಿ ಕುಂಕುಮ ಹಚ್ಚಿದಂಗ ಕಾಣ್ತದಲ್ಲೋ. ಕುಂಕುಮ ಹಚ್ಚಿಕೊಂಡವರ ಮ್ಯಾಲ ಬಂದೂಕ ಹೆಂಗ ಎತ್ತಲಿ?"

೩. ಹುಗ್ಗಿ

ಕಡೀಗಿ ಮಖ್ಖಿ ಎಡಕ್ಕ ಸರಿಸಿ ಕೂಡಿಸಿದೆ. ನೆಟ್ಟಗ ಗುರಿ ಇಟ್ರ ಏಟು ಬಲಕ್ಕ ಹೋಗಬೇಕು, ಹಂಗ. "ನೀನೇ ಬಂದು ಎದುರಿಗಿ ನಿಂದ್ರು" ಅಂತ ಕಾಕಾ ಫೋನ್ ಮಾಡಿದ್ರು. "ಎದುರಿಗಿ ಬ್ಯಾಡ್ರಿ, ಹಿಂದ ನಿಂದರ್ತೀನಿ" ಅಂತ ದಾಳಿಂಬಕ್ಕ ಹೋದೆ.

ಮುಂಜಾನೆ ಹೊಲದಾಗ ಹಿಂಡು ಆರಾಮ ಮೇಯಲಾಕತ್ತಿತ್ತು. ಕಾಕಾ ಕೈ ಮುಗದ್ರು, ಗುರಿ ಇಟ್ರು, ಬಂದೂಕಿನ ಕುದುರಿ ಎಳದ್ರು. ಢಂ! ಬಲಕ್ಕಿದ್ದ ಜಾಲಿ ಕಂಟಿ ಹಾರಿ ಹೋತು. ಚಿಗರಿ ಒಂದಕ್ಕೂ ಏನಾಗಿಲ್ಲ. ಕಾಕಾ ನನ್ನ ತಬ್ಬಿಕೊಂಡು ಕಣ್ಣೀರು ಹಾಕಿದ್ರು. ಖುಷಿಗಿ ಕಾಕಿ ಗೋಧಿ ಹುಗ್ಗಿ ಮಾಡಿ ಓಣಿ ತುಂಬಾ ಹಂಚಿದ್ರು.

ನಾ ಸಣ್ಣ ದನ್ಯಾಗ, "ಕಾಕಿ, ಚಿಗರಿ ಓಡಿ ಹೋದವೇನ್ರಿ?" ಅಂತ ಕೇಳ್ದೆ.

"ಎಲ್ಲಿ ಹೋಗ್ತಾವ? ಅವೂ ಅಲ್ಲೇ ಉಣ್ಲಾಕತ್ಯಾವ."

೪. ಪಂಚನಾಮಾ

ಮುಂಜಾನೆ ಬಂದೂಕಿನ ಶಬ್ದಾ, ಮಧ್ಯಾಹ್ನ ಅಡಗಿ ಘಮ ಘಮಾ. ಮಂದಿ ಸುಮ್ಮ ಇರ್ತಾರೇನ್ರಿ? "ಮುದುಕಾ ಚಿಗರಿ ಹೊಡದು ಬೇಯಿಸ್ಯಾನ" ಅಂತ ಸುದ್ದಿ ಎದ್ದು, ಜಂಗಲ್ ಖಾತೆ ಸಾಹೇಬ ಮೋಟರ್‌ಸೈಕಲ್ ಮ್ಯಾಲ ಬಂದೇ ಬಿಟ್ಟ. ಗಡಿಗ್ಯಾಗ ಇಣಕಿ ನೋಡಿದ್ರ ಹುಗ್ಗಿ. ಎರಡು ಸೌಟು ತಿಂದ. ಬಾಯಿ ಒರಸಿಕೊಂಡು, "ಹುಗ್ಗಿ ಚೊಲೋ ಅದ. ಆದ್ರ ನಿಮ್ಮ ಗುರಿ ಎಂಥಾದ್ದು ಅಂತ ನಾ ನೋಡಬೇಕು. ಪಕ್ಕಾ ಶಿಕಾರಿ ಕೈ ಅಂತ ಕಂಡ್ರ ಲೈಸನ್ಸ್ ಹೋತು ತಿಳೀರಿ" ಅಂದ.

ಹೊಲದ ಬದುವಿನ ಮ್ಯಾಲ ಒಂದು ಖಾಲಿ ಗಡಿಗಿ ಇಡಿಸಿದ. ಅವನ ಮೋಟರ್‌ಸೈಕಲ್ ಗಡಿಗಿ ಬಲಕ್ಕ, ಬೇವಿನ ಗಿಡದ ಕೆಳಗ ನಿಂತಿತ್ತು. ಹೆಲ್ಮೆಟ್ ಕನ್ನಡಿಗಿ ತೂಗು ಬಿದ್ದಿತ್ತು. ಹೊಲದ ಆ ತುದ್ಯಾಗ ಚಿಗರಿ ಹಿಂಡು ಇನ್ನೂ ಮೇಯಲಾಕತ್ತಿತ್ತು. ನಾವೆಲ್ಲಾ ಹಿಂದ ಸರದು ನಿಂತ್ವಿ.

ಗಡಿಗಿ ಒಡೀಬಾರ್ದು, ಒಡದ್ರ ಬಂದೂಕ ಹೋತು, ತೊಗರಿನೂ ಹೋತು. ಕಾಕಾಗ ನಾ ಕೂಡಿಸಿದ ಸೊಟ್ಟ ಮಖ್ಖಿ ಮ್ಯಾಲೂ ಭರವಸಾ ಬರ್ಲಿಲ್ಲ. ಸಾಹೇಬನ ಗಾಡಿ ಬಲಕ್ಕದ, ಎಡಕ್ಕ ಹಿಡಿಯೋಣ ಅಂತ ಗಡಿಗಿಯ ಎಡಕ್ಕ ಗುರಿ ಇಟ್ಟು ಹೊಡದ್ರು. ಎಡಕ್ಕ ಇಟ್ಟದ್ದು ಬಲಕ್ಕ ಸರದು, ಗಡಿಗಿ ಚೂರು ಚೂರು!

"ವಾ ಕಾಕಾ, ಪಕ್ಕಾ ಶಿಕಾರಿ!" ಅಂದ ಸಾಹೇಬ.

ಕಾಕಾ ಹಣಿ ಹಣಿ ಬಡಕೊಂಡ್ರು. ಕಾಕಿ ಗಟ್ಟಿ ದನಿ ಮಾಡಿ, "ಗಾಳಿಗಿ ತಾಗ್ಯಾದ ರೀ ಸಾಹೇಬ್ರ. ಇನ್ನೊಂದ್ಸಲಾ ನೋಡ್ರಿ" ಅಂತ ಮತ್ತೊಂದು ಗಡಿಗಿ ತಂದಿಟ್ರು. ನಾ ಕಾಕಾನ ಕಿವ್ಯಾಗ, "ಈ ಸಲಾ ನೆಟ್ಟಗ ಗಡಿಗಿಗೇ ಇಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ" ಅಂದೆ.

ಕಾಕಾ ನೆಟ್ಟಗ ಇಟ್ರು. ಢಂ! ಗಡಿಗಿ ಹಂಗೇ ಕೂತಿತ್ತು. ಹೆಲ್ಮೆಟ್ ಜರಡಿ ಆಗಿತ್ತು.

ಸಾಹೇಬ "ಅರೇ ದೇವಾ!" ಅಂತ ಒದರಿ ತೊಗರಿ ಹೊಲದ ನಡುವಿಂದಾನೇ ಗಾಡಿ ಕಡಿಗಿ ಓಡಿದ. ಹೆಲ್ಮೆಟ್ ಕೈಯಾಗ ಹಿಡದು ಬೀಸಿಗೋತ, ಮರಾಠಿ, ಕನ್ನಡಾ ಎರಡೂ ಕೂಡ್ಸಿ, ಎಲ್ಲಾರ ಏಳೇಳು ಪೀಳಿಗಿ ಉದ್ಧಾರ ಮಾಡಿಗೋತ ಹೊಳ್ಳಿ ಬಂದ. ಬಂದೂಕಿಗಿ ಕಿವಿ ಸೈತ ಅಲ್ಲಾಡಸ್ಲಾರದ ಚಿಗರಿ ಹಿಂಡು ಆ ಬೈಗಳ ಕೇಳಿ ಚಂಗನೆ ಹಾರಿ, ಬದು ದಾಟಿ, ಧೂಳು ಎಬ್ಬಿಸಿ ಮಾಯ ಆತು. ಹೊಲದಾಗ ಒಂದೂ ಉಳೀಲಿಲ್ಲ.

ಸಾಹೇಬ ಏದುಸಿರು ಬಿಡ್ಕೋತ ನಿಂತು, "ಕಾಕಾ, ನಿಮ್ಮ ಕೈಯಾಗ ಚಿಗರಿಗಿ ಏನೂ ಭಯ ಇಲ್ಲ. ಲೈಸನ್ಸ್ ನಿಮ್ಮ ಹತ್ರಾನೇ ಇರ್ಲಿ. ಭಯ ಇದ್ದದ್ದು ನಮಗ!" ಅಂದ.

ಕಾಕಾ ಬಂದೂಕ ಕೆಳಗಿಟ್ಟು ಕೂತೇ ಬಿಟ್ರು. ಕಾಕಿ ಮಾತ್ರ ಖಾಲಿ ಆದ ಹೊಲಾ ಒಮ್ಮಿ ನೋಡಿದ್ರು, ಸಾಹೇಬನ್ನ ಒಮ್ಮಿ ನೋಡಿದ್ರು. ಸೆರಗು ಸರಿ ಮಾಡ್ಕೊಂಡು ಮುಂದ ಹೋಗಿ ಕೈ ಮುಗದು ಕೇಳಿದ್ರು:

"ಸಾಹೇಬ್ರ, ದಿನಾ ಮುಂಜಾನೆ ಒಂದೀಟು ಬಂದು ಹೋಗ್ತೀರೇನ್ರಿ? ಚಹಾ ಮಾಡಿಡ್ತೀನಿ."