ಲ್ಯಾಪ್‌ಟಾಪಿಗೆ ಜ್ವರ, ನನಗೆ ನಾಚಿಕೆ

ಮದುವೆ ವಿಡಿಯೋ ಎಡಿಟ್ ಮಾಡುವುದು ನನ್ನ ಕಸುಬು. ಸ್ವಲ್ಪ ಭಾರದ ಕೆಲಸ ಕೊಟ್ಟರೆ ಸಾಕು, ನನ್ನ ಲ್ಯಾಪ್‌ಟಾಪ್ ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಒಬ್ಬನೇ ಇದ್ದಾಗ ಕಾದರೆ ಅಡ್ಡಿಯಿಲ್ಲ; ಅದು ಕಾಯುವುದು ನಾಲ್ಕು ಜನರ ಎದುರಿಗೇ. ಕೊನೆಗೆ ಅದು ತಣ್ಣಗಾಗುತ್ತದೆ, ನನ್ನ ಮುಖ ಆಗುವುದಿಲ್ಲ.

ಮಿಕ್ಸಿ

ಕುಲಶೇಖರದ ನಮ್ಮ ಮನೆಗೆ ಮದುಮಗಳ ಕಡೆಯವರು ವಿಡಿಯೋ ನೋಡಲು ಬಂದಿದ್ದರು. ಧಾರೆಯ ದೃಶ್ಯ ಬರುವಾಗ ಲ್ಯಾಪ್‌ಟಾಪಿನ ಫ್ಯಾನು ಕಿರುಚತೊಡಗಿತು. ನಾನು ಸೌಂಡ್ ಏರಿಸಿದೆ. ಫ್ಯಾನೂ ಏರಿಸಿತು. ಮದುಮಗಳ ಅಜ್ಜಿ ಅಡುಗೆಮನೆಯ ಕಡೆ ತಿರುಗಿ, "ಚಟ್ನಿ ಎಲ್ಲ ಬೇಡ ಮಾರಾಯ್ರೆ, ಮಿಕ್ಸಿ ನಿಲ್ಲಿಸಿ!" ಎಂದರು.

ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನ ಮಾನ ಉಳಿಸಲು ಎದ್ದು ಒಳಗೆ ಹೋಗಿ, "ನಿಲ್ಲಿಸಿದೆ ಅಜ್ಜಿ" ಎಂದಳು. ಫ್ಯಾನು ಮಾತ್ರ ನಿಲ್ಲಲಿಲ್ಲ.

ಅಜ್ಜಿ ಕೇಳಿದರು: "ನಿಮ್ಮಲ್ಲಿ ಒಟ್ಟು ಎಷ್ಟು ಮಿಕ್ಸಿ ಉಂಟು?"

ಮಾವನ ಬಾಯಿ

ಕಾವೂರಿನ ಕಡೆ ಒಂದು ರಿಸೆಪ್ಷನ್. ಬೆಳಗ್ಗಿನ ಮದುವೆಯ ವಿಡಿಯೋವನ್ನು ಸಂಜೆಯೇ ದೊಡ್ಡ ಪರದೆಯಲ್ಲಿ ತೋರಿಸುವ ಒಪ್ಪಂದ. ವಿಡಿಯೋದಲ್ಲಿ ದುಬೈಯಿಂದ ಬಂದ ಮದುಮಗನ ಮಾವ ಇಡೀ ಲಾಡು ಬಾಯಿಗೆ ಹಾಕುವ ಹೊತ್ತಿಗೆ ಲ್ಯಾಪ್‌ಟಾಪ್ ಬಿಸಿಯಾಗಿ ಸತ್ತಿತು. ಪರದೆ ಮಾತ್ರ ಕೊನೆಯ ಚಿತ್ರವನ್ನು ಬಿಡದೆ ಹಿಡಿದು ನಿಂತಿತು. ಕೇಬಲ್ ಎಳೆದರೂ ಹೋಗಲಿಲ್ಲ. ಪರದೆ ನೋಡಿಕೊಳ್ಳುವವ ಊಟಕ್ಕೆ ಹೋಗಿದ್ದ. ನಾನು ಆಮಂತ್ರಣ ಪತ್ರಿಕೆಯಿಂದ ಲ್ಯಾಪ್‌ಟಾಪಿಗೆ ಗಾಳಿ ಬೀಸುತ್ತಾ ನಿಂತೆ. ವೇದಿಕೆಯ ಹಿಂದೆ ಆ ತೆರೆದ ಬಾಯಿ, ಮುಂದೆ ಮದುಮಕ್ಕಳು. ಜನ ಸಾಲಾಗಿ ಫೋಟೋ ತೆಗೆಸಿಕೊಂಡರು.

ಮಾವ ನನ್ನ ಹತ್ತಿರ ಬಂದಾಗ ನಾನು ತಲೆ ತಗ್ಗಿಸಿದೆ. "ಇಷ್ಟು ಒಳಗಿನವರೆಗೆ ನನ್ನ ಹಲ್ಲಿನ ಡಾಕ್ಟರೂ ನೋಡಿರಲಿಲ್ಲ," ಎಂದರು.

ಬಂಗುಡೆ

ಕದ್ರಿಯ ಅರ್ಚಕರೊಬ್ಬರ ಮಗನ ಉಪನಯನದ ವಿಡಿಯೋ. ಅದು ಹಿಡಿಸಿದರೆ ಮಗಳ ಮದುವೆಯ ಕೆಲಸವೂ ನನಗೇ ಎಂದಿದ್ದರು. ಅದನ್ನು ತೋರಿಸಲು ಅವರ ಮನೆಗೆ ಹೊರಡುವ ದಿನ ಬೆಳಗ್ಗೆ ಲ್ಯಾಪ್‌ಟಾಪ್ ಕೆಂಡವಾಯಿತು. ಬೇರೆ ದಾರಿ ಕಾಣದೆ ಫ್ರೀಜರಿನ ಬಂಗುಡೆ ಮೀನಿನ ಪ್ಯಾಕೆಟ್ ತೆಗೆದು ಅದರ ಅಡಿಗೆ ಇಟ್ಟೆ. ಕೆಲಸ ಮುಗಿಯಿತು. ಪ್ಯಾಕೆಟ್ ಸೋರಿದ್ದನ್ನು ಗಡಿಬಿಡಿಯಲ್ಲಿ ಒರೆಸಿ ಓಡಿದೆ.

ಅರ್ಚಕರು ದೇವರ ಕೋಣೆಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಟ್ಟರು. ವಿಡಿಯೋದಲ್ಲಿ ಮಂತ್ರ ಶುರುವಾಯಿತು, ಲ್ಯಾಪ್‌ಟಾಪ್ ಬಿಸಿಯಾಯಿತು, ಫ್ಯಾನು ಬಂಗುಡೆಯ ಬಿಸಿ ಗಾಳಿಯನ್ನು ಇಡೀ ಚಾವಡಿಗೆ ಹಂಚಿತು.

"ಪಕ್ಕದ ಮನೆಯಲ್ಲಿ ಎಂತದೋ ಬೇಯಿಸ್ತಿದ್ದಾರೆ," ಎಂದು ಅರ್ಚಕರು ಕಿಟಕಿ ಮುಚ್ಚಿದರು. ವಾಸನೆ ಜೋರಾಯಿತು. ಅವರ ಹೆಂಡತಿ ಊದುಬತ್ತಿ ಹಚ್ಚಿದರು. ನಾನು ಬೆವರುತ್ತಾ ಕೂತೆ. ಅಷ್ಟರಲ್ಲಿ ಅವರ ಬೆಕ್ಕು ಬಂದು ಲ್ಯಾಪ್‌ಟಾಪಿನ ಬದಿಯನ್ನು ಭಕ್ತಿಯಿಂದ ನೆಕ್ಕತೊಡಗಿತು. ಓಡಿಸಿದರೆ ಮತ್ತೆ ಬಂತು.

"ಹಾಲು ಅನ್ನ ಬಿಟ್ಟು ಬೇರೆಂತದೂ ಮುಟ್ಟದ ಬೆಕ್ಕು ಇದು," ಎಂದು ಅರ್ಚಕರು ನನ್ನನ್ನೇ ನೋಡಿದರು.

ಇನ್ನು ತಡೆಯಲಾಗಲಿಲ್ಲ. "ಬಂಗುಡೆ..." ಎಂದು ಶುರುಮಾಡಿ ಎಲ್ಲ ಹೇಳಿಬಿಟ್ಟೆ. ನೆಲ ಬಾಯಿ ತೆರೆದಿದ್ದರೆ ಲ್ಯಾಪ್‌ಟಾಪ್ ಸಮೇತ ಇಳಿಯುತ್ತಿದ್ದೆ.

ಅರ್ಚಕರು ಎದ್ದು ಹೋಗಿ ಮುಚ್ಚಿದ ಕಿಟಕಿ ತೆರೆದರು. "ವಿಡಿಯೋ ಚಂದ ಉಂಟು. ಮದುವೆಯದ್ದೂ ನೀವೇ ಮಾಡಿ. ಆದರೆ ಅದನ್ನು ಮೊಬೈಲಿಗೆ ಕಳಿಸಿ."

ಬದುಕಿದೆ ಎಂದುಕೊಂಡೆ. ಸಂಜೆ ಅವರ ಹೆಂಡತಿಯ ಫೋನ್ ಬಂತು: "ಎಂತ ಮಾಡಿ ಹೋದದ್ದು ನೀವು? ಬೆಕ್ಕು ಹಾಲು ಅನ್ನ ಮೂಸುವುದೂ ಇಲ್ಲ. ಆಗಿನಿಂದ ಮಗಳ ಲ್ಯಾಪ್‌ಟಾಪ್ ನೆಕ್ತಾ ಕೂತಿದೆ!"